ದೈತ್ಯನನ್ನು ಕಟ್ಟಲು ಹೊರಟ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ, ಕಿನ್ನಾಳದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಆನೆಗೊಂದಿ ಕಡೆಯ ಬಂಡೆಗುಡ್ಡಗಳಿಂದ ಇಳಿದು ಬರುವ ದೈತ್ಯಪ್ರಾಣಿಯ ಕಥೆಯನ್ನು ನೀನು ಸಿನಿಮಾ ಮಾಡಲಿರುವೆಯೆಂದೂ, ಆ ಪ್ರಾಣಿಯನ್ನು ಕಂಪ್ಯೂಟರಿನಲ್ಲಿ ಮಾಡಿಸದೆ, ಒಬ್ಬ ಹುಡುಗ ತೊಟ್ಟು ನಡೆಯುವ ಉಡುಪಾಗಿ ಕೈಯಿಂದಲೇ ಕಟ್ಟಲಿರುವೆಯೆಂದೂ ತಿಳಿದು ಬಹಳ ಸಂತೋಷವಾಯಿತು. ಹಣ ಕಡಿಮೆಯಿದೆ ಎಂದು ಬರೆದಿದ್ದೀಯ. ಹಾಗಿದ್ದಲ್ಲಿ ಕ್ಯಾಮೆರಾ ಪ್ರಾಣಿಯ ಯಾವ ಅಂಗವನ್ನು ಎಷ್ಟು ಹತ್ತಿರದಿಂದ ನೋಡಲಿದೆ ಎಂಬುದನ್ನು ಪ್ರತಿಯೊಂದು ಶಾಟಿನ ಎದುರಿಗೂ ಬರೆದುಕೊಂಡ ಮೇಲೆಯೇ ಉಳಿ, ಕತ್ತರಿಗಳಿಗೆ ಕೈಹಾಕು. ಮೂತಿ, ಕಣ್ಣು ಮತ್ತು ಒಂದು ಮುಂಗಾಲನ್ನು ಮನಸ್ಸಿಟ್ಟು ಮಾಡಿದರೆ, ಉಳಿದ ಮೈಯನ್ನು ಕತ್ತಲೆಯೂ ಬಂಡೆಗಳ ಮರೆಯೂ ನಿಭಾಯಿಸುತ್ತವೆ. 1954ರ ಜಪಾನಿನ ಗಾಡ್ಜಿಲ್ಲಾ ಚಿತ್ರಕ್ಕೆ ಮೊದಲು ಮಾಡಿದ ಉಡುಪು ಸುಮಾರು 100 ಕಿಲೋ ತೂಗಿ, ಒಳಗಿದ್ದ ನಟನಿಗೆ ಸರಿಯಾಗಿ ಹೆಜ್ಜೆ ಇಡಲೂ ಆಗದಿದ್ದಾಗ, ಅವರು ಹಗುರವಾದ ಇನ್ನೊಂದನ್ನು ಮಾಡಿಕೊಂಡರು; ಹಳೆಯದನ್ನು ಕತ್ತರಿಸಿ ಕಾಲುಗಳಷ್ಟೇ ಕಾಣುವ ದೃಶ್ಯಗಳಿಗೆ ಬಳಸಿದರು.

ನಮ್ಮ ಮನೆತನದ ಮರದ ಗೊಂಬೆ ಕೆಲಸ ನಿನಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೊಂಬು, ಹಲ್ಲು, ಹುಬ್ಬಿನ ಮೂಳೆ, ಉಗುರುಗಳಿಗೆ ಹಗುರ ಮರದ ತಿರುಳಿಟ್ಟು, ಮೇಲೆ ನಮ್ಮ ಗೊಂಬೆಗಳಿಗೆ ಹಚ್ಚುವ ಕಿಟ್ಟ ಎಂಬ ಲೇಪವನ್ನು ಹಚ್ಚು. ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಕುಟ್ಟಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸುವುದನ್ನು ನೀನು ಬಾಲ್ಯದಿಂದ ನೋಡಿದ್ದೀಯ. ತೆಳುವಾಗಿ ಹಚ್ಚಿ ನೆರಳಿನಲ್ಲಿ ಒಣಗಿಸು; ಅವಸರಪಟ್ಟು ಬಿಸಿಲಿಗಿಟ್ಟರೆ ಬಿರಿಯುತ್ತದೆ. ಆದರೆ ಮಡಿಚುವ ಜಾಗಕ್ಕೆ, ಅಂದರೆ ಕುತ್ತಿಗೆಗೂ ಕಂಕುಳಿಗೂ, ಕಿಟ್ಟ ನಿಲ್ಲುವುದಿಲ್ಲ. ಅಲ್ಲಿ ಕುಶನ್ ಅಂಗಡಿಯ ಫೋಮನ್ನು ಕತ್ತರಿಸಿ ಅಂಟಿಸಿ, ಮೇಲೆ ಹಳೆಯ ಹತ್ತಿ ಬಟ್ಟೆ ಹೊದಿಸಿ, ಲೇಟೆಕ್ಸ್ ಎಂಬ ರಬ್ಬರ್ ದ್ರವವನ್ನು ಬಳಿ. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು, ಕೊನೆಗೆ ಪೌಡರ್. ಇಲ್ಲವಾದರೆ ಚರ್ಮ ತನಗೆ ತಾನೇ ಅಂಟಿಕೊಳ್ಳುತ್ತದೆ. ಫೋಮ್, ಲೇಟೆಕ್ಸ್ ಎರಡಕ್ಕೂ ಬೆಂಕಿ ಬೇಗ ಹೊತ್ತುತ್ತದೆ, ಆದ್ದರಿಂದ ಪಂಜಿನ ದೃಶ್ಯಗಳಲ್ಲಿ ಉಡುಪು ಬೆಂಕಿಯ ಹತ್ತಿರ ಸುಳಿಯಲೇಬಾರದು.

ಕಣ್ಣಿಗೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡು. ಪಾರದರ್ಶಕ ಪ್ಲಾಸ್ಟಿಕ್ಕಿನ ಅರೆಗೋಳದ ಒಳಬದಿಗೆ ಬಣ್ಣ ಹಾಕಿದರೆ ಬೆಳಕು ಒಳಗೆ ಇಳಿದು ಆಳ ಬರುತ್ತದೆ. ಹೊರಗೆ ಬಳಿದ ಬಣ್ಣಕ್ಕೆ ಆ ಜೀವವಿಲ್ಲ. ಪ್ರತಿ ಶಾಟಿಗೆ ಮುಂಚೆ ಕಣ್ಣನ್ನೂ ಮೂತಿಯನ್ನೂ ಒದ್ದೆ ಮಾಡು. ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯನ್ನು ಬಾಯಿಂದ ಎಳೆಎಳೆಯಾಗಿ ಇಳಿಬಿಟ್ಟರೆ, ಅದಕ್ಕಿಂತ ಒಳ್ಳೆಯ ಜೊಲ್ಲು ಇಷ್ಟು ಕಡಿಮೆ ಖರ್ಚಿನಲ್ಲಿ ಸಿಗಲಾರದು.

ಪ್ರಾಣಿಗೆ ಭಾರ ಬರುವುದು ಚಿತ್ರೀಕರಣದ ವೇಗದಿಂದ. ದೊಡ್ಡ ವಸ್ತು ನಿಧಾನವಾಗಿ ಬೀಳುವಂತೆ ಕಾಣುವುದರಿಂದ, ಮಾದರಿಯನ್ನು ಎಷ್ಟು ಪಟ್ಟು ದೊಡ್ಡದೆಂದು ತೋರಿಸಬೇಕೋ ಅದರ ವರ್ಗಮೂಲದಷ್ಟು ಪಟ್ಟು ಫ್ರೇಮ್, ಅಂದರೆ ಬಿಡಿ ಚಿತ್ರಗಳನ್ನು, ತೆಗೆದು ಮಾಮೂಲಿ ವೇಗದಲ್ಲಿ ತೋರಿಸುವುದು ರೂಢಿ. ಒಂಬತ್ತು ಪಟ್ಟಿಗೆ ಸೆಕೆಂಡಿಗೆ 24ರ ಬದಲು 72, ಇಪ್ಪತ್ತೈದು ಪಟ್ಟಿಗೆ 120. ಈಗಿನ ಅನೇಕ ಮೊಬೈಲುಗಳಲ್ಲೇ 120 ಇದೆ. ಆದರೆ ಅದಕ್ಕೆ ಐದು ಪಟ್ಟು ಬೆಳಕು ಬೇಕು. ಆದ್ದರಿಂದ ಪುಟ್ಟ ಗುಡ್ಡ, ಗುಡಿಸಲುಗಳ ಮಾದರಿಗಳನ್ನು ನಮ್ಮ ಬಿಸಿಲಿನಲ್ಲೇ, ಬಯಲಿನಲ್ಲಿ ತೆಗೆ. ಪ್ರಾಣಿಯ ನಡಿಗೆಗಾಗಿ ದರೋಜಿ ಕರಡಿಧಾಮಕ್ಕೆ ಉಡುಪು ತೊಡುವ ಹುಡುಗನನ್ನು ಕರೆದುಕೊಂಡು ಹೋಗು. ತಲೆ ತಗ್ಗಿಸಿ, ಮುಂಗಾಲುಗಳನ್ನು ಒಳಮುಖವಾಗಿ ಹಾಕುತ್ತಾ ಬಂಡೆ ಇಳಿಯುವ ಕರಡಿಯನ್ನು ಅವನು ಕಣ್ತುಂಬ ನೋಡಲಿ.

ಮೊದಲ ದರ್ಶನವನ್ನು ನೆರಳಿನಲ್ಲೇ ಮಾಡಿಸು ಎಂಬುದು ನನ್ನ ಆಸೆ. 2025ರಲ್ಲಿ ಪದ್ಮಶ್ರೀ ಪಡೆದ ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆ ಪರಂಪರೆ ನಿನ್ನ ಕೈಗೆಟುಕುವ ದೂರದಲ್ಲಿದೆ. ಗೊಂಬೆಯನ್ನು ಪರದೆಯಿಂದ ಹಿಂದಕ್ಕೆ, ದೀಪದ ಕಡೆಗೆ ಸರಿಸಿದಂತೆ ನೆರಳು ಹಿಗ್ಗಿ ಮಸುಕಾಗುತ್ತದೆ. ಗುಡಿಸಲಿನ ಗೋಡೆಯ ಮೇಲೆ ಹಾಗೆ ಬೆಳೆಯುವ ನೆರಳಿಗೆ ಖರ್ಚೇನೂ ಇಲ್ಲ.

ಹಂಪಿಯ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಿಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಆ ಸ್ಮಾರಕಗಳ ಗೊಡವೆಯೇ ಬೇಡ. ಪರಿಚಯಸ್ಥರ ಹೊಲದ ಬಂಡೆಗಳು ಸಾಕು, ಅವರನ್ನೂ ಕೇಳಿಯೇ ಹೋಗು.

ಇನ್ನು ಉಡುಪಿನೊಳಗಿನ ಹುಡುಗನ ವಿಷಯ. ಇದರಲ್ಲಿ ಮಾತ್ರ ನೀನು ನನ್ನ ಮಾತನ್ನು ಮೀರಕೂಡದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫೋಮಿನೊಳಗೆ ಬೆವರು ಆರುವುದೇ ಇಲ್ಲ. ಉಡುಪಿನ ದೃಶ್ಯಗಳನ್ನು ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಇಟ್ಟುಕೋ. ಉಸಿರಾಟದ ರಂಧ್ರಗಳನ್ನು ಮೂಗಿನ ಹೊಳ್ಳೆಯಲ್ಲೂ ಬಾಯಲ್ಲೂ ಧಾರಾಳವಾಗಿ ಬಿಡು, ಬೆನ್ನಿನ ಜಿಪ್ಪು ಒಂದೇ ಎಳೆತಕ್ಕೆ ತೆರೆದುಕೊಳ್ಳಲಿ, ಅದನ್ನು ತೆರೆಯುವುದಕ್ಕೆಂದೇ ಒಬ್ಬ ಪಕ್ಕದಲ್ಲಿ ನಿಂತಿರಲಿ. ಪ್ರತಿ ಶಾಟ್ ಮುಗಿದ ಕೂಡಲೇ ತಲೆ ಕಳಚಿಸಿ ಉಪ್ಪು ಹಾಕಿದ ಮಜ್ಜಿಗೆ ಕೊಡು. ಅವನು ಸಾಕು ಎಂದರೆ ಅಂದಿನ ಕೆಲಸ ಮುಗಿಯಿತು.

ಅವನ ತಲೆಯ ಸುತ್ತಳತೆ, ಭುಜದ ಅಗಲ ಮತ್ತು ಪ್ರಾಣಿಯ ಮೂತಿಯ ಪಕ್ಕನೋಟದ ಚಿತ್ರವನ್ನು ಬೇಗ ಕಳಿಸು. ಕೊಂಬು ಮತ್ತು ದವಡೆಯನ್ನು ನಾನೇ ಕೆತ್ತಿಕೊಡುತ್ತೇನೆ.

ಇತಿ,
ನಿನ್ನ ಸೋದರಮಾವ