ಬೆಂಗಳೂರಿನಲ್ಲಿ ‘ಕೊನೆಯ ಹಿಮ’ ಯಾವ ತಿಂಗಳು?

ಮಾನ್ಯ ಸಂಪಾದಕರೇ,

‘ಕೊನೆಯ ಹಿಮಕ್ಕೆ 6ರಿಂದ 8 ವಾರ ಮೊದಲು ಮನೆಯೊಳಗೆ ಬಿತ್ತಿ.’ ನಮ್ಮೂರಿನ ಅಂಗಡಿಯಲ್ಲಿ ಕೊಂಡ ಟೊಮೆಟೊ ಬೀಜದ ಪೊಟ್ಟಣದ ಹಿಂದೆ ಇಂಗ್ಲಿಷಿನಲ್ಲಿ ಹೀಗೆ ಅಚ್ಚಾಗಿದೆ. ‘ಕೊನೆಯ ಹಿಮ’ ಅಂದರೆ ಚಳಿಗಾಲ ಮುಗಿಯುವಾಗ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕೊನೆಯ ರಾತ್ರಿ. ಕಂಪನಿಯ ಹೆಸರು ಬೇಡ, ಇಂಥ ಪೊಟ್ಟಣಗಳು ಈಗ ಬೇಕಾದಷ್ಟಿವೆ. ಬೆಂಗಳೂರಿನ ದಾಖಲೆಯಲ್ಲೇ ಅತಿ ಕಡಿಮೆ ಉಷ್ಣಾಂಶ ಅಂದರೆ 1884ರ ಜನವರಿ 13ರ 7.8 ಡಿಗ್ರಿ. ಅವತ್ತೂ ನೀರು ಹೆಪ್ಪುಗಟ್ಟಲಿಲ್ಲ. ಇನ್ನು ಹನುಮಂತನಗರದಲ್ಲಿ ಕುಳಿತು ನಾನು ಯಾವ ಹಿಮಕ್ಕೆ ವಾರ ಎಣಿಸಲಿ?

ನಗುವ ವಿಷಯ ಅನ್ನಿಸಬಹುದು. ಆದರೆ ನಮ್ಮ ಬೀದಿಯ ಹುಡುಗನೊಬ್ಬ ಇದನ್ನು ನಂಬಿ ಟ್ರೇ ಅಡಿಗೆ ಹಾಸಿ ಮಣ್ಣು ಬೆಚ್ಚಗಿಡುವ ಬಿಸಿ ಮ್ಯಾಟು, ಬಿಸಿಲಿನ ಬದಲಿಗೆ ಹಾಕುವ ಗ್ರೋ ಲೈಟು ಎಲ್ಲಾ ಆನ್‌ಲೈನ್‌ನಲ್ಲಿ ತರಿಸಿದ. ಫೆಬ್ರವರಿಯಲ್ಲಿ, ಕಿಟಕಿ ಮುಚ್ಚಿದ ರೂಮಿನಲ್ಲಿ, ಹಗಲು ರಾತ್ರಿ ಮ್ಯಾಟು ಹಾಕಿಟ್ಟ. ಬೀಜ ಬೇಗ ಮೊಳೆತವು, ನಿಜ. ಆಮೇಲೆ ಸಸಿಗಳು ದಾರದ ಥರ ಉದ್ದವಾಗಿ, ಬುಡ ಕೊಳೆತು, ಸಾಲಾಗಿ ಮಲಗಿದವು. “ಆಂಟಿ, ಅದರಲ್ಲಿ ಬರೆದ ಹಾಗೇ ಮಾಡಿದ್ನಲ್ಲ” ಅಂದ. ಅವನು ಮಾಡಿದ್ದು ಹಾಗೇ. ಬರೆದದ್ದು ಬೇರೆ ಊರಿಗೆ.

ಆ ಬೇರೆ ಊರನ್ನು ನಾನು ನೋಡಿದ್ದೇನೆ. ಮಗಳು ಇರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಅಲ್ಲಿ ಆ ಸಾಲಿಗೆ ಪೂರ್ತಿ ಅರ್ಥವಿದೆ. ಮೇ ತಿಂಗಳ ನಡುವಿನವರೆಗೂ ರಾತ್ರಿ ಹಿಮ ಕಟ್ಟಬಹುದೆಂಬ ಭಯ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಮತ್ತೆ ಶುರು. ಟೊಮೆಟೊ ಸಸಿಯನ್ನು ನೆಲಕ್ಕೆ ನೆಟ್ಟ ಮೇಲೆ ಹಣ್ಣಿಗೆ 60ರಿಂದ 80 ದಿನ ಬೇಕು. ಬೀಜವನ್ನೇ ಹೊರಗೆ ಹಾಕಿ ಕಾದರೆ ಗಿಡ ತುಂಬಾ ಕಾಯಿ ಬಿಡುವ ಹೊತ್ತಿಗೆ ಚಳಿ ಬಂದಿರುತ್ತದೆ. ಹಾಗಾಗಿ ಮನೆಯೊಳಗೆ ಬಿತ್ತುತ್ತಾರೆ: ಮಾರ್ಚ್ ಶುರುವಿನಲ್ಲಿ ಮೆಣಸಿನಕಾಯಿ, ಬದನೆ; ತಿಂಗಳ ಕೊನೆಯಲ್ಲಿ ಟೊಮೆಟೊ; ಸೌತೆ, ಕುಂಬಳದ ಜಾತಿಯವನ್ನು ಹೊರಗೆ ನೆಡುವುದಕ್ಕೆ ಮೂರು ನಾಲ್ಕು ವಾರ ಇರುವಾಗ. ಹುರುಳಿಕಾಯಿ, ಕ್ಯಾರೆಟ್, ಮೂಲಂಗಿಯನ್ನು ಅಲ್ಲೂ ಒಳಗೆ ಬಿತ್ತುವುದಿಲ್ಲ, ನೇರ ನೆಲಕ್ಕೇ.

ಮಗಳ ಬೇಸ್‌ಮೆಂಟಿನಲ್ಲಿ ಸಸಿಯ ತುದಿಯಿಂದ ಎರಡು ಮೂರು ಇಂಚು ಮೇಲೆ ದೀಪ ಇಳಿಬಿಟ್ಟು, ದಿನಕ್ಕೆ 14ರಿಂದ 16 ಗಂಟೆ ಉರಿಸುತ್ತಾರೆ. ಸಸಿ ಎತ್ತರವಾದಂತೆ ದೀಪವನ್ನೂ ಏರಿಸುತ್ತಾರೆ. ಗಾಳಿಗೊಂದು ಚಿಕ್ಕ ಫ್ಯಾನು. ಮೊಳಕೆ ಕಂಡ ಕೂಡಲೇ ಬಿಸಿ ಮ್ಯಾಟು ತೆಗೆದುಬಿಡುತ್ತಾರೆ. ಇದೊಂದು ಮಾತು ನಮ್ಮ ಹುಡುಗನ ಪೊಟ್ಟಣದಲ್ಲಿ ಇರಲಿಲ್ಲ ನೋಡಿ! ನೆಡುವ ಮುಂಚೆ ಒಂದು ವಾರ, ಹತ್ತು ದಿನ ಟ್ರೇಗಳನ್ನು ಹೊರಗೆ ತಂದು ಅಭ್ಯಾಸ ಮಾಡಿಸಬೇಕು. ಮೊದಲ ದಿನ ನೆರಳಿನಲ್ಲಿ ಸ್ವಲ್ಪ ಹೊತ್ತು, ಮಾರನೇ ದಿನ ಇನ್ನೂ ಸ್ವಲ್ಪ ಜಾಸ್ತಿ. ಬಾಣಂತಿ ಕೋಣೆಯ ಕೂಸನ್ನು ಎಳೆಬಿಸಿಲಿಗೆ ಹಿಡಿಯುತ್ತೇವಲ್ಲ, ಹಾಗೆ. ಒಳಗೇ ಬೆಳೆದ ಎಲೆ ಒಮ್ಮೆಲೇ ಬಿಸಿಲು ಕಂಡರೆ ಬೆಳ್ಳಗೆ ಸುಟ್ಟುಹೋಗುತ್ತದೆ.

ಈಗ ನಮ್ಮೂರಿಗೆ ಬರೋಣ. ಟೊಮೆಟೊ ಬೀಜ ಮಣ್ಣು 10 ಡಿಗ್ರಿ ಇದ್ದರೆ ಮೊಳೆಯಲು ಆರು ವಾರ ತೆಗೆದುಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಎಂಟು ದಿನ, 25ರಲ್ಲಿ ಆರೇ ದಿನ. ಜನವರಿಯಲ್ಲೂ ನಮ್ಮ ಹಗಲು 27 ಡಿಗ್ರಿ, ರಾತ್ರಿ 15–16. ಟೊಮೆಟೊಗೆ ಇದು ಧಾರಾಳ ಸಾಕು. ಮೆಣಸಿನಕಾಯಿ ಮಾತ್ರ ಡಿಸೆಂಬರಿನಲ್ಲಿ ಸತಾಯಿಸುತ್ತದೆ. ಮಣ್ಣು 15 ಡಿಗ್ರಿಗೆ ಇಳಿದರೆ ಮೂರು ವಾರ ದಾಟುತ್ತದೆ. ಅದಕ್ಕೂ ಮ್ಯಾಟು ಬೇಡ. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲು ಅಡುಗೆಮನೆಯಲ್ಲಿ ಎಲ್ಲಿ ಇಡುತ್ತೀರೋ ಅಲ್ಲೇ ಟ್ರೇ ಇಡಿ. ಮೊಳಕೆ ತಲೆ ಎತ್ತಿದ ದಿನವೇ ತಾರಸಿಗೆ ಸಾಗಿಸಿ.

ನಮ್ಮ ತಂದೆ ಕೋಲಾರದ ಕಡೆ ಒಟ್ಲು ಬಿಡುತ್ತಿದ್ದರು, ಅಂದರೆ ನಾಟಿಗೆ ಸಸಿ ಬೆಳೆಸುತ್ತಿದ್ದರು. ಏರುಮಡಿ, ಸೋಸಿದ ಕೊಟ್ಟಿಗೆ ಗೊಬ್ಬರ, ಮೇಲೆ ತೆಳ್ಳಗೆ ಹುಲ್ಲು. ಮೊಳಕೆ ಕಂಡ ಸಂಜೆ ಹುಲ್ಲು ತೆಗೆಯುವುದು. ತಿಂಗಳೊಳಗೆ ಪೈರು ನಾಟಿಗೆ ಸಿದ್ಧ. ಈಗ ಏರುಮಡಿಯ ಜಾಗಕ್ಕೆ ಟ್ರೇ, ತೆಂಗಿನ ನಾರಿನ ಪುಡಿ ಬಂದಿವೆ, ಅಷ್ಟೇ.

ಇಲ್ಲಿ ಸಸಿಗೆ ಶತ್ರು ಚಳಿಯಲ್ಲ. ಏಪ್ರಿಲ್ ಮಧ್ಯಾಹ್ನದ ಬಿಸಿಲು, ಸಂಜೆಯ ಆಲಿಕಲ್ಲು ಮಳೆ, ಎಲ್ಲಕ್ಕಿಂತ ಹೆಚ್ಚಾಗಿ ಬಿಳಿನೊಣ. ಟೊಮೆಟೊಗೆ ಎಲೆ ಮುದುಡು ರೋಗ ಅಂಟಿಸುವುದು ಅದೇ. ಎಳೆ ಸಸಿಗೆ ತಗುಲಿದರೆ ಕಾಯಿಯ ಆಸೆ ಬಿಟ್ಟ ಹಾಗೆ. ಸಣ್ಣ ಕಣ್ಣಿನ ಬಲೆ ಮುಚ್ಚಿ ಬೆಳೆಸಬೇಕು. ಇಲ್ಲವೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ನಂಥ, ಈ ರೋಗ ತಡೆಯುವ ತಳಿ ಹಾಕಬೇಕು. ಪೊಟ್ಟಣದಲ್ಲಿ ಬಿಳಿನೊಣದ ಸುದ್ದಿಯೇ ಇಲ್ಲ. ಹಿಮದ ಸುದ್ದಿ ಇದೆ!

ಇನ್ನು ಲೆಟ್ಯೂಸ್. ಮಣ್ಣು 30 ಡಿಗ್ರಿ ದಾಟಿದರೆ ಅದರ ಬೀಜ ಸುಮ್ನೆ ಮಲಗಿಬಿಡುತ್ತದೆ. ಬೇಸಿಗೆಯಲ್ಲಿ ಅದನ್ನು ಮನೆಯೊಳಗೆ, ತಂಪಾದ ಮೂಲೆಯಲ್ಲಿ ಬಿತ್ತಬೇಕು. ಅಂದರೆ ಬೆಂಗಳೂರಿನವರು ಒಳಗೆ ಬಿತ್ತುವುದು ಸೆಕೆಗೆ ಹೆದರಿ. ಅವರೆಯದು ಇನ್ನೊಂದು ಕಥೆ. ನಮ್ಮ ಸೊಗಡಿನ ನಾಟಿ ಅವರೆ ಹೂ ಬಿಡುವುದೇ ಹಗಲು ಚಿಕ್ಕದಾದಾಗ. ಅದಕ್ಕೆ 16 ಗಂಟೆ ದೀಪ ಹಾಕಿದರೆ ಬರೀ ಬಳ್ಳಿ ಹಬ್ಬುತ್ತದೆ, ಕಾಯಿ ಸಿಗುವುದಿಲ್ಲ. ವರ್ಷವಿಡೀ ಬೇಕೆನ್ನುವವರಿಗೆ ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳಿವೆ. ಅವು ಹಗಲಿನ ಉದ್ದ ನೋಡುವುದಿಲ್ಲ. ಸೊಗಡು ಮಾತ್ರ ನಾಟಿಯದ್ದೇ ಅನ್ನುವವಳು ನಾನು.

ನನ್ನ ಕೋರಿಕೆ ದೊಡ್ಡದಲ್ಲ. ಇಲ್ಲಿ ಬೀಜ ಮಾರುವವರು ‘ಕೊನೆಯ ಹಿಮ’ ಅಳಿಸಿ, ಕರ್ನಾಟಕದ ತಿಂಗಳುಗಳನ್ನು ಕನ್ನಡದಲ್ಲಿ ಅಚ್ಚು ಹಾಕಲಿ. ಕೊಳ್ಳುವವರೂ ಬಣ್ಣದ ಚಿತ್ರ ನೋಡಿ ಮರುಳಾಗದೆ ಪೊಟ್ಟಣ ತಿರುಗಿಸಿ ನೋಡಬೇಕು. ತಳಿಯ ಹೆಸರು, ಮೊಳಕೆಯ ಶೇಕಡಾವಾರು, ಪರೀಕ್ಷೆ ಮಾಡಿದ ದಿನಾಂಕ ಇದೆಯಾ? ಪ್ರಮಾಣೀಕೃತ ಟೊಮೆಟೊ ಬೀಜ ಕನಿಷ್ಠ ಶೇ 70, ಮೆಣಸಿನಕಾಯಿ ಶೇ 60ರಷ್ಟು ಮೊಳೆಯಬೇಕು. ಇದ್ಯಾವುದೂ ಇಲ್ಲದ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ನಿಮ್ಮ ಪತ್ರಿಕೆಯೂ ತಾರಸಿ ತೋಟದ ಬರಹಗಳಲ್ಲಿ ಆಯಾ ತಿಂಗಳು ಬೆಂಗಳೂರಿನಲ್ಲಿ ಏನು ಬಿತ್ತಬಹುದು ಎಂದು ನಾಲ್ಕು ಸಾಲು ಹಾಕಿದರೆ ಉಪಕಾರವಾಗುತ್ತದೆ. ಮೆಣಸಿನಕಾಯಿಯಿಂದ ಶುರು ಮಾಡಿ. ನಮ್ಮ ಬೀದಿಯವರು ಜಾಸ್ತಿ ಕೇಳುವುದು ಅದನ್ನೇ.

– ಒಬ್ಬ ಓದುಗಳು, ಹನುಮಂತನಗರ, ಬೆಂಗಳೂರು