ಕೂಲಮ್‌ನ ಹುಲ್ಲು ರನ್‌ವೇ ಮತ್ತು ಮೈಸೂರು ಸ್ಕ್ವಾಡ್ರನ್: ಸ್ಮಾರಕ ಫಲಕಕ್ಕಾಗಿ ದೇಣಿಗೆ ಮನವಿ

ಮಾನ್ಯ ಕನ್ನಡ ಬಂಧುಗಳೇ,

ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನಲ್ಲಿ, ಹಾರ್ಷಮ್ ಪಟ್ಟಣದ ದಕ್ಷಿಣಕ್ಕೆ ಕೂಲಮ್ ಎಂಬ ಹಳ್ಳಿಯಿದೆ. ಇಲ್ಲಿನ ಹೊಲಗಳು 1944ರಲ್ಲಿ ಕೆಲವು ತಿಂಗಳ ಮಟ್ಟಿಗೆ ಯುದ್ಧವಿಮಾನಗಳ ನೆಲೆಯಾಗಿದ್ದವು. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ನಡೆಸಿದ ದಾಳಿಯ ಸಿದ್ಧತೆಗಾಗಿ ದಕ್ಷಿಣ ಇಂಗ್ಲೆಂಡಿನಲ್ಲಿ ತರಾತುರಿಯಿಂದ ನಿರ್ಮಿಸಿದ ತಾತ್ಕಾಲಿಕ ನೆಲೆಗಳಲ್ಲಿ ಇದೂ ಒಂದು. ಕಾಂಕ್ರೀಟಿನ ಬದಲು ಹುಲ್ಲುನೆಲದ ಮೇಲೆಯೇ ಸೋಮರ್‌ಫೆಲ್ಡ್ ಟ್ರ್ಯಾಕ್ ಎಂಬ ಉಕ್ಕಿನ ತಂತಿಬಲೆಯನ್ನು ಹಾಸಿ, ಗೂಟ ಹೊಡೆದು ಬಿಗಿದು, ಒಂದನ್ನೊಂದು ಹಾಯ್ದುಹೋಗುವ ಎರಡು ರನ್‌ವೇಗಳನ್ನು ಸಿದ್ಧಪಡಿಸಲಾಗಿತ್ತು. ಸಿಬ್ಬಂದಿಗೆ ಡೇರೆಗಳೇ ವಸತಿ. ಆ ಏಪ್ರಿಲ್‌ನಿಂದ ಜೂನ್‌ವರೆಗೆ ಪೋಲೆಂಡಿನ 306 ಮತ್ತು 315ನೇ ಸ್ಕ್ವಾಡ್ರನ್‌ಗಳ (ಯುದ್ಧವಿಮಾನ ತುಕಡಿಗಳ) ಜೊತೆಯಲ್ಲಿ ಮಸ್ಟಾಂಗ್ ವಿಮಾನಗಳನ್ನು ಹಾರಿಸಿದ ಮೂರನೆಯ ತಂಡವೇ ರಾಯಲ್ ಏರ್ ಫೋರ್ಸ್‌ನ 129ನೇ, ಅಂದರೆ ‘ಮೈಸೂರು’ ಸ್ಕ್ವಾಡ್ರನ್.

1941ರ ಜೂನ್‌ನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್ ವಿಮಾನಗಳೊಂದಿಗೆ ಆರಂಭವಾದ ಈ ತಂಡಕ್ಕೆ ಆ ಹೆಸರು ಬಂದದ್ದು ಪೈಲಟ್‌ಗಳ ಊರಿನಿಂದಲ್ಲ, ಮೈಸೂರು ಸಂಸ್ಥಾನ ಕೊಟ್ಟ ದೇಣಿಗೆಯಿಂದ. ಸ್ಕ್ವಾಡ್ರನ್ನಿನ ಲಾಂಛನವೂ ನಮ್ಮ ಗಂಡಭೇರುಂಡವೇ. ವಸಾಹತು ಸರ್ಕಾರದ ಯುದ್ಧಕ್ಕೆ ಸಂಸ್ಥಾನದ ಹಣ ಹೋದದ್ದು ಸರಿಯೇ ಎಂಬ ಪ್ರಶ್ನೆಯನ್ನು ಓದುಗರು ಕೇಳಬಹುದು, ಕೇಳಲೂಬೇಕು. ಆದರೆ ಆ ಚರ್ಚೆಗೂ ಮೊದಲು ಸಂಗತಿ ತಿಳಿದಿರಬೇಕಲ್ಲ.

ನೆಲೆ ಮುಚ್ಚಿದ ಮೇಲೆ ಹೊಲಗಳು ಬೇಸಾಯಕ್ಕೆ ಮರಳಿದವು. ಇಂಥ ನೆಲೆಗಳ ತಂತಿಬಲೆಯನ್ನು ಸುತ್ತಮುತ್ತಲಿನ ರೈತರು ಬೇಲಿಗೆ ಬಳಸಿಕೊಂಡದ್ದುಂಟು. ಕೂಲಮ್‌ನಲ್ಲಿ ಮಡಿದ ವೈಮಾನಿಕರ ನೆನಪನ್ನು ಸ್ಥಳೀಯರು ಇಂದಿಗೂ ಶ್ರದ್ಧೆಯಿಂದ ಉಳಿಸಿಕೊಂಡಿದ್ದಾರೆ. ಮೈಸೂರಿನ ನಂಟನ್ನು ಕನ್ನಡದಲ್ಲಿ ಹೇಳುವ ಕೆಲಸ ಮಾತ್ರ ನಮ್ಮದು.

ಆದ್ದರಿಂದ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರ ನಮ್ಮ ಟ್ರಸ್ಟ್, ಜಮೀನಿನ ಮಾಲೀಕರ ಮತ್ತು ಗ್ರಾಮ ಪರಿಷತ್ತಿನ ಒಪ್ಪಿಗೆ ಪಡೆದು, ಸಾರ್ವಜನಿಕ ಕಾಲುದಾರಿಯ ಬದಿಯಲ್ಲಿ ಕನ್ನಡ, ಇಂಗ್ಲಿಷ್ ಮತ್ತು ಪೋಲಿಷ್ ಭಾಷೆಗಳ ಮಾಹಿತಿ ಫಲಕವೊಂದನ್ನು ನಿಲ್ಲಿಸಲು ಸಂಕಲ್ಪಿಸಿದೆ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಿಂದ ಸ್ಕ್ವಾಡ್ರನ್ನಿನ ದೈನಂದಿನ ಹಾರಾಟದ ದಾಖಲೆಗಳ ಪ್ರತಿ ಪಡೆದು, ಕೂಲಮ್‌ನ ದಿನಗಳನ್ನು ಕನ್ನಡಕ್ಕೆ ತಂದು ಕಿರುಹೊತ್ತಿಗೆಯಾಗಿ ಮುದ್ರಿಸಿ, ಕರ್ನಾಟಕದ ಶಾಲಾ ಗ್ರಂಥಾಲಯಗಳಿಗೆ ಉಚಿತವಾಗಿ ಕಳುಹಿಸುವ ಉದ್ದೇಶವೂ ಇದೆ.

ತಾವು ಯಥಾಶಕ್ತಿ ನೆರವಾಗಬೇಕೆಂದು ವಿನಂತಿಸುತ್ತೇವೆ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಘೋಷಣೆಗೆ ಸಹಿ ಮಾಡಿದರೆ, ತಾವು ಕೊಡುವ ಪ್ರತಿ ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸೇರುತ್ತದೆ. ಪ್ರತಿಯೊಂದು ದೇಣಿಗೆಗೂ ರಸೀದಿ ನೀಡಲಾಗುವುದು. ಲೆಕ್ಕಪತ್ರವನ್ನು ಎಲ್ಲ ದಾನಿಗಳಿಗೂ ಕಳುಹಿಸಲಾಗುವುದು.

ಇತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಧರ್ಮದರ್ಶಿಗಳು