ಗಾಂಜಾ: ಅಂಗಡಿಯೂ ಬೇಡ, ಜೈಲೂ ಬೇಡ

ಮಾನ್ಯರೇ,

ಗಾಂಜಾ ಮಾರಾಟಕ್ಕೆ ಅನುಮತಿ ಕೊಟ್ಟರೆ ತೆರಿಗೆ ಬರುತ್ತದೆ ಎನ್ನುವವರು ಥಾಯ್ಲೆಂಡ್ ಕಡೆ ನೋಡಲಿ. 2022ರಲ್ಲಿ ಅಲ್ಲಿ ಅದನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದರು. ಬೀದಿ ಬೀದಿಯಲ್ಲಿ ಅಂಗಡಿ ಎದ್ದವು. 2025ರಲ್ಲಿ ವೈದ್ಯರ ಚೀಟಿ ಕಡ್ಡಾಯವಾಯಿತು. ಚೀಟಿ ನಿಯಮದ ಪಾಡು ಏನೆಂದು ಔಷಧಿ ಅಂಗಡಿ ಇಟ್ಟಿರುವ ನನಗೆ ಗೊತ್ತು. ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೇಳಿಕೊಂಡು ಕಾಲೇಜು ಹುಡುಗರು ಬರುತ್ತಾರೆ. ಇಲ್ಲ ಅಂದರೆ ಜಗಳ.

ಹಾಗಂತ ಸೇದಿದವನನ್ನೆಲ್ಲ ಜೈಲಿಗೆ ಹಾಕಬೇಕಾ? ಮಾದಕವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಕಲಂ ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರಿ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. ಎಷ್ಟು ಅಪ್ಪ ಅಮ್ಮಂದಿರಿಗೆ ಇದು ಗೊತ್ತು? ಕಾಲೇಜುಗಳಲ್ಲಿ ಸುಮ್ನೆ ಮಾದಕವಸ್ತು ಮುಟ್ಟಲ್ಲ ಅಂತ ಪ್ರತಿಜ್ಞೆ ಮಾಡಿಸುವ ಬದಲು ಇದನ್ನು ನೋಟಿಸ್ ಬೋರ್ಡಿಗೆ ಹಾಕಿಸಲಿ.

– ಔಷಧಿ ವ್ಯಾಪಾರಿ, ದಾವಣಗೆರೆ